ಅಮ್ಮನ ಕಡೆಯಿಂದ ಬಂದದ್ದು: ಕಪ್ಪು ಅಮೆರಿಕನ್ ಲೇಖಕಿಯರ ಕಾದಂಬರಿಗಳಲ್ಲಿ ತಾಯಿ, ಅಜ್ಜಿ, ಮಗಳು

1656ರಲ್ಲಿ ವರ್ಜೀನಿಯಾದ ಎಲಿಜಬೆತ್ ಕೀ ಎಂಬ ಹೆಣ್ಣುಮಗಳು ಕೋರ್ಟಿನಲ್ಲಿ ಒಂದು ಕೇಸು ಗೆದ್ದಳು. ವರ್ಜೀನಿಯಾ ಆಗ ಇಂಗ್ಲೆಂಡಿನ ವಸಾಹತು. ಅವಳ ತಾಯಿ ಆಫ್ರಿಕಾ ಮೂಲದವಳು, ತಂದೆ ಇಂಗ್ಲಿಷ್ ಜಮೀನುದಾರ. ಇಂಗ್ಲೆಂಡಿನ ಪದ್ಧತಿಯಲ್ಲಿ ಮಗುವಿನ ಸ್ಥಾನಮಾನ ಅಪ್ಪನಿಂದ ಬರುತ್ತದೆ. ಅಪ್ಪ ಸ್ವತಂತ್ರನಾಗಿರುವಾಗ ಮಗಳನ್ನು ಗುಲಾಮಳು ಅನ್ನುವುದು ಹೇಗೆ? ಅವಳ ವಾದದ ಒಂದು ಮುಖ್ಯ ಎಳೆ ಇದು. ಅವಳಿಗೆ ಬಿಡುಗಡೆ ಸಿಕ್ಕಿತು.

ಆರು ವರ್ಷಕ್ಕೆ, 1662ರಲ್ಲಿ, ಅದೇ ವರ್ಜೀನಿಯಾ ಕಾನೂನನ್ನೇ ತಿರುಗಿಸಿಟ್ಟಿತು. ಹುಟ್ಟಿದ ಮಗು ಸ್ವತಂತ್ರವೋ ಗುಲಾಮವೋ ಎಂಬುದನ್ನು ಇನ್ನು ಮುಂದೆ ತಾಯಿಯನ್ನು ನೋಡಿ ತೀರ್ಮಾನಿಸಬೇಕು ಎಂದಿತು. ಇದರ ಅರ್ಥ ಬಹಳ ಸರಳ, ಬಹಳ ಭಯಂಕರ. ಯಜಮಾನ ತನ್ನ ಗುಲಾಮಳಿಗೆ ಬಸಿರು ಮಾಡಿದರೆ ಹುಟ್ಟುವ ಮಗು ಅವನ ವಾರಸುದಾರ ಆಗುವುದಿಲ್ಲ, ಅವನ ಆಸ್ತಿ ಆಗುತ್ತದೆ. 1808ರಿಂದ ಹೊರಗಿನಿಂದ ಗುಲಾಮರನ್ನು ತರುವುದನ್ನು ಅಮೆರಿಕ ನಿಷೇಧಿಸಿತು. ಆಮೇಲಂತೂ ಗುಲಾಮರ ಸಂಖ್ಯೆ ಬೆಳೆಯಬೇಕಾದರೆ ಒಳಗಿನ ಹೆಂಗಸರ ಹೊಟ್ಟೆಯೇ ಮುಖ್ಯ ದಾರಿಯಾಯಿತು. ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ 1820ರ ಒಂದು ಪತ್ರದಲ್ಲಿ ಇದನ್ನು ಲೆಕ್ಕದ ಮಾತಾಗಿಯೇ ಬರೆದಿದ್ದಾರೆ: ಎರಡು ವರ್ಷಕ್ಕೊಂದು ಮಗು ಹೆರುವ ಹೆಂಗಸು ತೋಟದ ಅತಿ ಒಳ್ಳೆಯ ಗಂಡಾಳಿಗಿಂತ ಜಾಸ್ತಿ ಲಾಭ ಅಂತ.

ನಮ್ಮ ಕರಾವಳಿಯ ಅಳಿಯಸಂತಾನದಲ್ಲೂ ವಂಶ ಹೆಣ್ಣಿನ ಕಡೆಯಿಂದ ನಡೆಯುತ್ತದೆ. ಅಲ್ಲಿ ಹೆಣ್ಣಿನ ಜೊತೆ ಮನೆ, ಗದ್ದೆ, ಬಳಿ (ಕುಲದ ಹೆಸರು) ಎಲ್ಲವೂ ಬರುತ್ತಿದ್ದವು. ವರ್ಜೀನಿಯಾದ ಕಾನೂನು ತಾಯಿಯಿಂದ ಮಗುವಿಗೆ ದಾಟಿಸಿದ್ದು ಸಂಕೋಲೆ ಒಂದನ್ನೇ.

ಆಫ್ರಿಕನ್-ಅಮೆರಿಕನ್ ಲೇಖಕಿಯರ ಕಾದಂಬರಿಗಳಲ್ಲಿ ಅಮ್ಮಂದಿರು, ಅಜ್ಜಿಯರು, ಮುತ್ತಜ್ಜಿಯರು ಮತ್ತೆ ಮತ್ತೆ ಯಾಕೆ ಬರುತ್ತಾರೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ 1662ರ ಕತೆ. ಇಲ್ಲಿ ತಾಯ್ತನ ಭಾವನೆಯ ವಿಷಯ ಆಗುವುದಕ್ಕೂ ಮೊದಲು ಕಾನೂನಿನ ವಿಷಯ. ಗುಲಾಮಗಿರಿ ಅಮ್ಮನ ಮೂಲಕವೇ ಹರಿದು ಬರಬೇಕು ಎಂದು ಬರೆದಿಟ್ಟ ಮೇಲೆ ಈ ಲೇಖಕಿಯರು ಕೇಳುವ ಪ್ರಶ್ನೆ ಒಂದೇ: ಅದೇ ದಾರಿಯಲ್ಲಿ ಬೇರೆ ಏನೇನು ಬಂತು? ಹೆಸರು ಬಂತೇ? ಮಾತು ಬಂತೇ? ಭಯವೂ ಬಂತೇ?

ಮೊದಲ ಉತ್ತರ ಸಿಗುವುದು ಕಾದಂಬರಿಯಲ್ಲಲ್ಲ, ಒಂದು ಆತ್ಮಕಥೆಯಲ್ಲಿ. ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ 'ಇನ್ಸಿಡೆಂಟ್ಸ್ ಇನ್ ದ ಲೈಫ್ ಆಫ್ ಎ ಸ್ಲೇವ್ ಗರ್ಲ್' ಪ್ರಕಟಿಸಿದರು, ಲಿಂಡಾ ಬ್ರೆಂಟ್ ಎಂಬ ಸುಳ್ಳು ಹೆಸರು ಇಟ್ಟುಕೊಂಡು. ಇದು ಕಟ್ಟುಕತೆ ಎಂದೇ ಬಹಳ ಜನ ಬಹಳ ಕಾಲ ನಂಬಿದ್ದರು. 1980ರ ದಶಕದಲ್ಲಿ ಜೀನ್ ಫೇಗನ್ ಯೆಲಿನ್ ಎಂಬ ಸಂಶೋಧಕಿ ಪತ್ರಗಳನ್ನೂ ದಾಖಲೆಗಳನ್ನೂ ಹುಡುಕಿ, ಇದು ನಿಜವಾಗಿ ಬದುಕಿದ ಹೆಂಗಸು ತಾನೇ ಬರೆದದ್ದು ಎಂದು ತೋರಿಸಿದರು. ನೂರು ವರ್ಷಕ್ಕೂ ಮೀರಿ ಒಬ್ಬ ತಾಯಿಯ ಮಾತನ್ನು ನಂಬದೇ ಇದ್ದದ್ದು ಕೂಡ ಈ ವಿಷಯದ ಭಾಗವೇ.

ಜೇಕಬ್ಸ್ ಯಜಮಾನನ ಕಾಟ ತಾಳಲಾರದೆ ತಪ್ಪಿಸಿಕೊಂಡರು. ದೂರ ಹೋಗಲಿಲ್ಲ. ನಾರ್ತ್ ಕೆರೊಲಿನಾದ ಈಡನ್‌ಟನ್ ಊರಿನಲ್ಲಿ ಅಜ್ಜಿಯ ಮನೆಗೆ ಹೊಂದಿಕೊಂಡ ಉಗ್ರಾಣದ ಅಟ್ಟದಲ್ಲಿ ಅಡಗಿದರು. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ. ಅತಿ ಎತ್ತರದ ಕಡೆಯಲ್ಲೂ ಮೂರೇ ಅಡಿ. ನಿಲ್ಲುವ ಮಾತೇ ಇಲ್ಲ. ಅಲ್ಲಿ ಸುಮಾರು ಏಳು ವರ್ಷ! ಕತ್ತಲಲ್ಲಿ ಕೈಗೆ ಸಿಕ್ಕ ಬೈರಿಗೆಯಿಂದ ಗೋಡೆಯಲ್ಲಿ ತೂತು ಕೊರೆದರು. ಅದರಿಂದ ಬೀದಿ ಕಾಣುತ್ತಿತ್ತು, ಬೀದಿಯಲ್ಲಿ ತನ್ನ ಇಬ್ಬರು ಮಕ್ಕಳು. ಅಮ್ಮ ತಲೆಯ ಮೇಲೇ ಇದ್ದಾಳೆ ಎಂಬುದು ಮಕ್ಕಳಿಗೆ ಗೊತ್ತಿಲ್ಲ. ಕ್ರಿಸ್‌ಮಸ್ ಹತ್ತಿರ ಬಂದಾಗ ಅಜ್ಜಿ ಬಟ್ಟೆ ತಂದುಕೊಟ್ಟಳು. ಜೇಕಬ್ಸ್ ಕೂತಲ್ಲೇ ಮಕ್ಕಳಿಗೆ ಅಂಗಿ ಹೊಲಿದರು, ಆಟದ ಸಾಮಾನು ಮಾಡಿದರು.

ಆ ಕಾಲದ ಗಂಡಸರ ಆತ್ಮಕಥೆಗಳಲ್ಲಿ ಬಿಡುಗಡೆ ಎಂದರೆ ಸಾಮಾನ್ಯವಾಗಿ ಒಬ್ಬನೇ ಓಡಿ, ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯ ಸೇರುವುದು. ಇಲ್ಲಿ ಹಾಗಲ್ಲ. ಅಜ್ಜಿ ಮೊಮ್ಮಗಳಿಗೆ ಹೇಳುತ್ತಾಳೆ: ಮಕ್ಕಳನ್ನು ಬಿಟ್ಟುಹೋದ ತಾಯಿಗೆ ಯಾರೂ ಮರ್ಯಾದೆ ಕೊಡುವುದಿಲ್ಲ. ಆ ಅಜ್ಜಿಯ ಪ್ರೀತಿಯೇ ಆಸರೆ, ಅದೇ ಕಟ್ಟಿಹಾಕುವ ಹಗ್ಗ ಕೂಡ. ಮುಂದೆ ಬಂದ ಕಾದಂಬರಿಗಳೆಲ್ಲ ಈ ಹಗ್ಗವನ್ನು ಬೇರೆ ಬೇರೆ ಕಡೆಯಿಂದ ಎಳೆದು ನೋಡುತ್ತವೆ.

ಝೋರಾ ನೀಲ್ ಹರ್ಸ್ಟನ್ ಅವರ 'ದೆರ್ ಐಸ್ ವರ್ ವಾಚಿಂಗ್ ಗಾಡ್' (1937) ತೆಗೆದುಕೊಳ್ಳಿ. ಇದರ ಅಜ್ಜಿ ನ್ಯಾನಿ ಗುಲಾಮಗಿರಿಯಲ್ಲಿ ಹುಟ್ಟಿದವಳು. ಯಜಮಾನನಿಂದ ಅವಳಿಗೆ ಮಗಳು ಹುಟ್ಟಿದಳು. ಆ ಮಗಳನ್ನು ಶಾಲೆಯ ಮೇಷ್ಟ್ರೇ ಕೆಡಿಸಿದ. ಹಾಗೆ ಹುಟ್ಟಿದ ಮೊಮ್ಮಗಳು ಜೇನಿ. ಎರಡು ತಲೆಮಾರು ಕಂಡ ಅಜ್ಜಿಗೆ ಮೂರನೆಯದಕ್ಕೂ ಹಾಗಾಗಬಾರದು ಎಂಬ ಒಂದೇ ಹಠ. ಹದಿನಾರು ವರ್ಷದ ಜೇನಿ ಬೇಲಿಯ ಹತ್ತಿರ ಒಬ್ಬ ಹುಡುಗನಿಗೆ ಮುತ್ತು ಕೊಟ್ಟದ್ದನ್ನು ನೋಡಿದ್ದೇ ತಡ, ಅರವತ್ತು ಎಕರೆ ಜಮೀನಿರುವ ವಯಸ್ಸಾದ ರೈತನಿಗೆ ಗಂಟುಹಾಕುತ್ತಾಳೆ. ಲೋಕದ ಭಾರವನ್ನೆಲ್ಲ ಕೊನೆಗೆ ಹೊರುವ ಹೇಸರಗತ್ತೆ ಕಪ್ಪು ಹೆಂಗಸೇ ಎಂಬುದು ಅವಳು ಕಂಡುಕೊಂಡ ಸತ್ಯ. ಮೊಮ್ಮಗಳು ಹೊರೆ ಹೊರದೆ ನೆರಳಲ್ಲಿ ಕೂರಲಿ ಎಂಬ ಆಸೆ.

ಜೇನಿಗೆ ಬೇಕಿದ್ದದ್ದು ನೆರಳಲ್ಲ. ನಡುವಯಸ್ಸಿಗೆ ಬಂದ ಮೇಲೆ, ಅಜ್ಜಿಯ ಮೇಲೆ ತನಗೆ ದ್ವೇಷವಿದೆ ಎಂದು ಅವಳಿಗೆ ಹೊಳೆಯುತ್ತದೆ. ಅಜ್ಜಿ ದಿಗಂತವನ್ನೇ ಚಿಕ್ಕದಾಗಿ ಮಡಚಿ ಮೊಮ್ಮಗಳ ಕುತ್ತಿಗೆಗೆ ಬಿಗಿದಳು ಎಂಬರ್ಥದ ಮಾತು ಕಾದಂಬರಿಯಲ್ಲಿದೆ. ಓದುಗರು ಯಾರ ಪಕ್ಷ ವಹಿಸಬೇಕು? ನನಗೆ ಪ್ರತಿ ಸಲ ನ್ಯಾನಿಯ ಮೇಲೆ ಕೋಪವೂ ಬರುತ್ತದೆ, ಅವಳ ಜಾಗದಲ್ಲಿ ನಿಂತು ನೋಡಿದರೆ ಬೇರೆ ದಾರಿಯೂ ಕಾಣುವುದಿಲ್ಲ. ಕಪ್ಪು ಹೆಂಗಸರ ಬಗ್ಗೆ ಒಂದು ದೊಡ್ಡ ಉಪದೇಶ ಮಾಡಬೇಕು ಎಂದು ನ್ಯಾನಿಗೆ ಆಸೆಯಿತ್ತು, ನಿಂತು ಮಾತಾಡಲು ವೇದಿಕೆ ಸಿಗಲಿಲ್ಲ. ಅದನ್ನು ಮೊಮ್ಮಗಳಿಗಾಗಿ ಉಳಿಸಿಟ್ಟಿದ್ದೇನೆ ಅನ್ನುತ್ತಾಳೆ. ಜೇನಿಗೆ ಮಕ್ಕಳಿಲ್ಲ. ಅವಳು ತನ್ನ ಕತೆಯನ್ನು ಹಿತ್ತಲ ಜಗಲಿಯಲ್ಲಿ ಕೂತು ಗೆಳತಿಗೆ ಹೇಳುತ್ತಾಳೆ. ಅಂದರೆ 1937ರಲ್ಲೇ ಹರ್ಸ್ಟನ್ ಒಂದು ವಿಷಯ ಇತ್ಯರ್ಥ ಮಾಡಿದ್ದಾರೆ: ಪರಂಪರೆ ಮುಂದುವರಿಯಲು ಹೆರಲೇಬೇಕು ಎಂದೇನಿಲ್ಲ.

ಇನ್ನು ಟೋನಿ ಮಾರಿಸನ್ ಅವರ ಕಾದಂಬರಿ 'ಬಿಲವೆಡ್'. ಇದರ ಹಿಂದೆ ನಿಜವಾದ ಘಟನೆ ಇದೆ. 1856ರ ಜನವರಿಯಲ್ಲಿ ಮಾರ್ಗರೆಟ್ ಗಾರ್ನರ್ ಎಂಬಾಕೆ ಹೆಪ್ಪುಗಟ್ಟಿದ ಒಹಾಯೊ ನದಿ ದಾಟಿ, ಕುಟುಂಬದ ಜೊತೆ ಗುಲಾಮಗಿರಿಯಿದ್ದ ಕೆಂಟಕಿಯಿಂದ ಅದಿಲ್ಲದ ಸಿನ್ಸಿನಾಟಿಗೆ ಓಡಿಬಂದಳು. ಹಿಡಿಯಲು ಬಂದವರು ಮನೆ ಸುತ್ತುವರಿದಾಗ ತನ್ನ ಎರಡು ವರ್ಷದ ಮಗಳನ್ನು ಚಾಕುವಿನಿಂದ ಕೊಂದಳು. ಮತ್ತೆ ಗುಲಾಮಗಿರಿಗೆ ಹೋಗುವುದಕ್ಕಿಂತ ಸಾವೇ ವಾಸಿ ಎಂಬುದು ಅವಳ ನಿರ್ಧಾರ. ಆಮೇಲೆ ಕೋರ್ಟಿನಲ್ಲಿ ನಡೆದ ಜಗಳ ನೋಡಿ. ಅವಳ ವಕೀಲರು ಕೊಲೆ ಕೇಸು ಹಾಕಿ ಎಂದು ಒತ್ತಾಯಿಸಿದರು. ಯಾಕೆ? ಕೊಲೆ ಮಾಡುವುದಕ್ಕೆ ಮನುಷ್ಯಳಾಗಿರಬೇಕು. ಆ ಮಗು ಅವಳದ್ದು, ಅವಳು ತಾಯಿ ಎಂದು ಕಾನೂನು ಒಪ್ಪಬೇಕು. ಅದು ನಡೆಯಲಿಲ್ಲ. ಓಡಿಹೋದ ಆಸ್ತಿ ಎಂದು ಲೆಕ್ಕಹಾಕಿ ಯಜಮಾನನಿಗೆ ವಾಪಸ್ ಕೊಟ್ಟರು. 1858ರಲ್ಲಿ ಟೈಫಾಯ್ಡ್‌ನಿಂದ ಸತ್ತಳು.

ಟೋನಿ ಮಾರಿಸನ್ ರ‍್ಯಾಂಡಮ್ ಹೌಸ್‌ನಲ್ಲಿ ಪುಸ್ತಕಗಳ ಸಂಪಾದಕಿಯಾಗಿದ್ದಾಗ, 1974ರಲ್ಲಿ ಬಂದ 'ದ ಬ್ಲ್ಯಾಕ್ ಬುಕ್' ಸಂಕಲನದ ಕೆಲಸದಲ್ಲಿ ಈ ಸುದ್ದಿಯ ತುಣುಕನ್ನು ನೋಡಿದರು. ಕಾದಂಬರಿ 1987ರಲ್ಲಿ ಬಂತು. ಅಲ್ಲಿ ಗಾರ್ನರ್ ಸೆಥೆ ಆಗುತ್ತಾಳೆ. ಸತ್ತ ಮಗಳು ಹದಿನೆಂಟು ವರ್ಷದ ಮೇಲೆ ಮೈಪಡೆದು ಮನೆಗೆ ಬರುತ್ತಾಳೆ.

ಜನ ಸಾಮಾನ್ಯವಾಗಿ ಆ ಕೊಲೆಯ ಬಗ್ಗೆಯೇ ಮಾತಾಡುತ್ತಾರೆ. ನನ್ನ ಪ್ರಕಾರ ಕಾದಂಬರಿಯ ಕೀಲಿ ಇರುವುದು ಹಾಲಿನಲ್ಲಿ. ಸೆಥೆ ಮಕ್ಕಳನ್ನು ಮುಂದೆ ಕಳಿಸಿದ್ದಾಳೆ. ತಾನು ಬಸುರಿ, ಎದೆಯಲ್ಲಿ ಕೂಸಿಗಾಗಿ ಹಾಲಿದೆ. ಓಡಿಹೋಗುವ ಮೊದಲು ಯಜಮಾನನ ಕಡೆಯ ಇಬ್ಬರು ಹುಡುಗರು ಅವಳನ್ನು ಹಿಡಿದು ಕೆಡವಿ ಆ ಹಾಲನ್ನು ಹೀರುತ್ತಾರೆ. ಪಕ್ಕದಲ್ಲಿ ಒಬ್ಬ ಅದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಅವಳು ಒಡತಿಗೆ ದೂರು ಹೇಳಿದ್ದಕ್ಕೆ ಬೆನ್ನು ಸೀಳುವ ಹಾಗೆ ಹೊಡೆಯುತ್ತಾರೆ. ವರ್ಷಗಳ ನಂತರ ಹಳೇ ಗೆಳೆಯ ಪಾಲ್ ಡಿ ಇದನ್ನು ಕೇಳಿ ದಂಗಾಗುತ್ತಾನೆ. ಬಾರುಕೋಲಿನಿಂದ ಹೊಡೆದರಾ, ಬಸುರಿಗೆ ಹೊಡೆದರಾ ಎಂದು ಕೇಳುತ್ತಾನೆ. ಅವಳು ಪ್ರತಿ ಸಲ ಹೇಳುವುದು ಒಂದೇ: ನನ್ನ ಹಾಲು ಕಿತ್ತುಕೊಂಡರು. ಹೊಡೆತ ಅವನಿಗೆ ದೊಡ್ಡದು. ಅವಳಿಗೆ ಹಾಲು.

ಯಾಕೆ ಎಂದು ತಿಳಿಯಲು ಅವಳ ಬಾಲ್ಯ ನೋಡಬೇಕು. ಅವಳ ತಾಯಿ ಬೆಳಗಾಗುವ ಮೊದಲೇ ಹೊಲಕ್ಕೆ ಹೋಗುವವಳು. ಹಾಲೂಡಿಸಿದ್ದು ನ್ಯಾನ್ ಎಂಬ ದಾದಿ. ಬಿಳಿಯರ ಮಕ್ಕಳಿಗೆ ಮೊದಲು, ಉಳಿದರೆ ಸೆಥೆಗೆ. ಕೆಲವು ಸಲ ಏನೂ ಉಳಿಯುತ್ತಿರಲಿಲ್ಲ. ಒಂದು ದಿನ ಅವಳ ತಾಯಿ ಅವಳನ್ನು ಮರೆಗೆ ಕರೆದುಕೊಂಡು ಹೋಗಿ, ಮೊಲೆಯ ಕೆಳಗೆ ಪಕ್ಕೆಲುಬಿನ ಮೇಲೆ ಸುಟ್ಟ ಬರೆ ತೋರಿಸುತ್ತಾಳೆ: ಒಂದು ವೃತ್ತ, ಅದರೊಳಗೆ ಶಿಲುಬೆ. ನನಗೇನಾದರೂ ಆಗಿ ಮುಖ ಗುರುತು ಸಿಗದಿದ್ದರೆ ಇದನ್ನು ನೋಡಿ ಗುರುತು ಹಿಡಿ ಅನ್ನುತ್ತಾಳೆ. ಪುಟ್ಟ ಹುಡುಗಿ ಹೇಳುತ್ತಾಳೆ, ಹಾಗಾದರೆ ನನಗೂ ಬರೆ ಹಾಕು, ನಿನಗೂ ನನ್ನ ಗುರುತು ಸಿಗಬೇಕಲ್ವಾ? ತಾಯಿ ಕೆನ್ನೆಗೆ ಬಾರಿಸುತ್ತಾಳೆ. ಯಾಕೆ ಎಂದು ಸೆಥೆಗೆ ಗೊತ್ತಾದದ್ದು ತನಗೇ ಬರೆ ಬಿದ್ದ ಮೇಲೆ. ಆ ತಾಯಿಯನ್ನು ಮುಂದೆ ನೇಣಿಗೆ ಹಾಕುತ್ತಾರೆ. ಹೆಣ ಇಳಿಸುವ ಹೊತ್ತಿಗೆ ಬರೆಯೂ ಕಾಣುವ ಸ್ಥಿತಿಯಲ್ಲಿರುವುದಿಲ್ಲ. ನ್ಯಾನ್ ಮತ್ತು ತಾಯಿ ಆಡುತ್ತಿದ್ದ ಆಫ್ರಿಕಾದ ಮಾತು ಕೂಡ ಸೆಥೆಗೆ ಮರೆತುಹೋಗಿದೆ, ಹೇಳಿದ್ದರ ಅರ್ಥ ಮಾತ್ರ ಉಳಿದಿದೆ. ಇಂಥವಳಿಗೆ ತನ್ನ ಮಗುವಿಗೆ ತನ್ನದೇ ಹಾಲು ಮುಟ್ಟಿಸುವುದು ಎಂದರೆ ಏನು ಎಂದು ಈಗ ಯೋಚಿಸಿ.

ಅತ್ತೆ ಬೇಬಿ ಸಗ್ಸ್ ಕತೆ ಇನ್ನೊಂದು. ಎಂಟು ಮಕ್ಕಳನ್ನು ಹೆತ್ತವಳು. ಮಾರಾಟವಾಗಿಯೋ ಓಡಿಹೋಗಿಯೋ ಒಬ್ಬೊಬ್ಬರೇ ಕೈತಪ್ಪಿದರು. ಮೊದಲ ಮಗಳ ಬಗ್ಗೆ ಅವಳಿಗೆ ನೆನಪಿರುವುದು ಇಷ್ಟೇ, ಆ ಮಗುವಿಗೆ ಬ್ರೆಡ್ಡಿನ ಸೀದ ತಳ ಬಹಳ ಇಷ್ಟ. ಎಂಟು ಮಕ್ಕಳು, ನೆನಪಿರುವುದು ಅಷ್ಟು.

ಈ ಕಾದಂಬರಿಗಳು ತಾಯಿಯನ್ನು ದೇವರ ಪಟ ಮಾಡಿ ಗೋಡೆಗೆ ತೂಗುಹಾಕುತ್ತವೆ ಎಂದುಕೊಂಡರೆ ಅದು ತಪ್ಪು. ಮಾರಿಸನ್ ಅವರ ಮೊದಲ ಕಾದಂಬರಿ 'ದ ಬ್ಲೂಯೆಸ್ಟ್ ಐ' (1970) ಓದಿ. ಪಾಲಿನ್ ಬ್ರೀಡ್‌ಲವ್ ಬಿಳಿಯರ ಮನೆಯಲ್ಲಿ ಅಡುಗೆ ಕೆಲಸದವಳು. ಮಗಳು ಪಿಕೋಲಾ ಒಮ್ಮೆ ಅಲ್ಲಿಗೆ ಬಂದು, ಆಗಷ್ಟೇ ಒಲೆಯಿಂದ ಇಳಿಸಿದ ಹಣ್ಣಿನ ತಿಂಡಿಯ ಪಾತ್ರೆಯನ್ನು ಕೈತಪ್ಪಿ ಬೀಳಿಸುತ್ತಾಳೆ. ಬಿಸಿ ರಸ ಅವಳ ಕಾಲಿನ ಮೇಲೇ ಚೆಲ್ಲುತ್ತದೆ. ತಾಯಿ ಓಡಿಬಂದು ಅವಳನ್ನೇ ಹೊಡೆಯುತ್ತಾಳೆ, ನನ್ನ ನೆಲ, ನನ್ನ ನೆಲ ಎಂದು ಕೂಗುತ್ತಾಳೆ. ಅಳುತ್ತಿರುವ ಬಿಳಿ ಮಗುವನ್ನು ಎತ್ತಿಕೊಂಡು ರಮಿಸುತ್ತಾಳೆ. ಆ ಹುಡುಗಿ ಇವಳನ್ನು ಸಲುಗೆಯಿಂದ ಪಾಲಿ ಎಂದು ಕರೆಯುತ್ತಾಳೆ. ಸ್ವಂತ ಮಗಳು ಕರೆಯುವುದು ಮಿಸೆಸ್ ಬ್ರೀಡ್‌ಲವ್ ಅಂತ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತೇವೆ, ಇಲ್ಲಿ ಆ ಗಾದೆಗೂ ಜಾಗವಿಲ್ಲ. ಯಜಮಾನರ ಮನೆಯ ಮಕ್ಕಳನ್ನು ನಗುನಗುತ್ತಾ ಸಾಕುವ ದಪ್ಪನೆಯ 'ಮ್ಯಾಮಿ'ಯನ್ನು ಅಮೆರಿಕದ ಸಿನಿಮಾ, ಜಾಹೀರಾತುಗಳು ದಶಕಗಟ್ಟಲೆ ತೋರಿಸಿದ್ದವು. ಅವಳ ಸ್ವಂತ ಮಗಳು ಆ ಹೊತ್ತಿಗೆ ಎಲ್ಲಿದ್ದಳು ಎಂದು ಮಾರಿಸನ್ ಕೇಳಿದರು.

ಈ ಪ್ರಶ್ನೆಗಳು 1970ರ ಸುಮಾರಿಗೆ ಒಟ್ಟಿಗೆ ಎದ್ದದ್ದು ಸುಮ್ನೆ ಅಲ್ಲ. 1965ರಲ್ಲಿ ಕಾರ್ಮಿಕ ಇಲಾಖೆಯ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಕಪ್ಪು ಕುಟುಂಬಗಳ ಬಗ್ಗೆ ಒಂದು ಸರ್ಕಾರಿ ವರದಿ ಬರೆದಿದ್ದರು. ಹೆಂಗಸರೇ ನಡೆಸುವ ಮನೆಗಳು ಈ ಸಮುದಾಯ ಹಿಂದುಳಿಯಲು ದೊಡ್ಡ ಕಾರಣಗಳಲ್ಲಿ ಒಂದು ಎಂಬ ಧಾಟಿ ಅದರಲ್ಲಿತ್ತು. ಸುಮಾರು ಎರಡೂವರೆ ಶತಮಾನ ಗಂಡ ಹೆಂಡತಿ ಮಕ್ಕಳನ್ನು ಬೇರೆ ಬೇರೆ ಮಾರಿದ ದೇಶ, ಈಗ ಮನೆ ಉಳಿಸಿಕೊಂಡ ಹೆಂಗಸಿನ ಕಡೆ ಬೆರಳು ತೋರಿಸಿತು. ಇನ್ನೊಂದು ಕಡೆ, ಹೋರಾಟಕ್ಕಾಗಿ ಮಕ್ಕಳನ್ನು ಹೆತ್ತುಕೊಡಿ ಎಂದು ಕಪ್ಪು ಚಳವಳಿಯ ಕೆಲವು ಗಂಡಸರೇ ಹೇಳುತ್ತಿದ್ದರು. ಲೇಖಕಿಯರಿಗೆ ಎರಡೂ ಕಡೆ ಜಗಳವಿತ್ತು.

ಈ ಎರಡನೇ ಜಗಳದ ಅತಿ ಕಟುವಾದ ರೂಪ ನನಗೆ ಕಾಣುವುದು ಗೇಲ್ ಜೋನ್ಸ್ ಅವರ 'ಕೊರೆಜಿಡೋರಾ'ದಲ್ಲಿ (1975). ಕಾದಂಬರಿ ಚಿಕ್ಕದು, ಓದುವುದು ಕಷ್ಟ. ಅರ್ಸಾ ಕೆಂಟಕಿಯ ಬ್ಲೂಸ್ ಹಾಡುಗಾರ್ತಿ. ಅವಳ ಮುತ್ತಜ್ಜಿ ಬ್ರೆಜಿಲ್‌ನಲ್ಲಿ ಕೊರೆಜಿಡೋರಾ ಎಂಬ ಪೋರ್ಚುಗೀಸ್ ಯಜಮಾನನ ಗುಲಾಮಳು. ಅಜ್ಜಿಯ ಅಪ್ಪ ಅವನೇ. ಅಮ್ಮನ ಅಪ್ಪನೂ ಅವನೇ. 1888ರಲ್ಲಿ ಬ್ರೆಜಿಲ್ ಗುಲಾಮಗಿರಿ ರದ್ದು ಮಾಡಿದ ಮೇಲೆ ಕಾಗದಪತ್ರಗಳನ್ನು ಸುಟ್ಟುಹಾಕಿದರು. ಸಾಕ್ಷಿ ಇಲ್ಲದಂತಾಯಿತು. ಹಾಗಾಗಿ ಈ ಮನೆಯ ಹೆಂಗಸರಿಗೆ ಒಂದೇ ವ್ರತ, ಹೆಣ್ಣುಮಕ್ಕಳನ್ನು ಹೆರಬೇಕು, ಕತೆ ಹೇಳಿ ದಾಟಿಸಬೇಕು. ಸುಡಲಾಗದ ದಾಖಲೆ ಎಂದರೆ ಮಗಳು.

ಐದು ವರ್ಷದ ಅರ್ಸಾ ಒಮ್ಮೆ ಮುತ್ತಜ್ಜಿಯನ್ನು ಕೇಳುತ್ತಾಳೆ, ನೀನು ಹೇಳುತ್ತಿರುವುದು ನಿಜವಾ ಅಂತ. ಕಪಾಳಕ್ಕೆ ಬೀಳುತ್ತದೆ. ದೊಡ್ಡವಳಾದ ಮೇಲೆ ಗಂಡನ ಜೊತೆಗಿನ ಜಗಳದಲ್ಲಿ ಮೆಟ್ಟಿಲಿನಿಂದ ಬಿದ್ದು ಅವಳ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಈಗ ಅವಳು ಏನು ಮಾಡಬೇಕು? ಯಜಮಾನನೂ ಹೆರು ಎಂದ, ಅಜ್ಜಿಯೂ ಹೆರು ಎಂದಳು. ಬೇರೆ ಬೇರೆ ಕಾರಣಕ್ಕೆ, ಆದರೆ ಬೇಡಿಕೆ ಅದೇ ಹೊಟ್ಟೆಯ ಮೇಲೆ. ಇದನ್ನು ಇಷ್ಟು ಬಿಡಿಸಿ ಹೇಳಿದ ಇನ್ನೊಂದು ಪುಸ್ತಕ ನನಗೆ ಗೊತ್ತಿಲ್ಲ. ಅರ್ಸಾಗೆ ಉಳಿಯುವುದು ಹಾಡು. ಮತ್ತೆ ಒಂದು ದಿನ ಅವಳು ಊರಿಗೆ ಹೋಗಿ ಅಮ್ಮನನ್ನು ಅಮ್ಮನದೇ ಕತೆ ಕೇಳುತ್ತಾಳೆ. ಅಷ್ಟು ವರ್ಷ ಅಜ್ಜಿಯರ ನೆನಪು ಹೊತ್ತು ತಿರುಗಿದ ಆ ಅಮ್ಮನಿಗೆ ಸ್ವಂತದ್ದೊಂದು ಬಾಳು ಇತ್ತು ಎಂಬುದು ಆಗಲೇ ಅವಳಿಗೆ ತಿಳಿಯುವುದು.

ಮಾರಿಸನ್ ಅವರ 'ಸೂಲಾ' (1973) ನಾಯಕಿ ಇನ್ನೂ ನೇರ. ಮದುವೆಯಾಗಿ ಮಕ್ಕಳು ಮಾಡಿಕೋ ಅನ್ನುವ ಅಜ್ಜಿಗೆ, ನಾನು ಇನ್ನೊಬ್ಬರನ್ನಲ್ಲ, ನನ್ನನ್ನೇ ಮಾಡಿಕೊಳ್ಳಬೇಕು ಎಂದು ಉತ್ತರ ಕೊಡುತ್ತಾಳೆ.

ರಕ್ತಸಂಬಂಧ ಮೀರಿದ ತಾಯ್ತನದ ಬಗ್ಗೆ ಹೇಳದಿದ್ದರೆ ಚಿತ್ರ ಅರ್ಧವೇ. ಹೆತ್ತಮ್ಮನ ಜೊತೆ ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯಾಕೆ ಎಲ್ಲರೂ ಸೇರಿ ಮಗುವನ್ನು ಸಾಕುವ ಈ ರೂಢಿಯನ್ನು ಸಮಾಜಶಾಸ್ತ್ರಜ್ಞೆ ಪೆಟ್ರೀಷಿಯಾ ಹಿಲ್ ಕಾಲಿನ್ಸ್ 1990ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಪಶ್ಚಿಮ ಆಫ್ರಿಕಾದಿಂದ ಬಂದ ಪದ್ಧತಿಯನ್ನು ಗುಲಾಮಗಿರಿ ಇನ್ನಷ್ಟು ಅನಿವಾರ್ಯ ಮಾಡಿತು. ತಾಯಿಯನ್ನು ಮಾರಿದರೆ ಮಗುವನ್ನು ಯಾರಾದರೂ ನೋಡಿಕೊಳ್ಳಲೇಬೇಕಲ್ಲ. ಗ್ಲೋರಿಯಾ ನೇಯ್ಲರ್ ಅವರ 'ದ ವಿಮೆನ್ ಆಫ್ ಬ್ರೂಸ್ಟರ್ ಪ್ಲೇಸ್' (1982) ಇದನ್ನು ಕತೆಯಾಗಿ ತೋರಿಸುತ್ತದೆ. ಕೂಸು ಎತ್ತಿಕೊಂಡು ಬೀದಿಗೆ ಬಿದ್ದ ಮ್ಯಾಟಿಗೆ ಮಿಸ್ ಈವಾ ಎಂಬ ಮುದುಕಿ ಮನೆ ಕೊಡುತ್ತಾಳೆ. ಆ ಮುದುಕಿಯ ಮೊಮ್ಮಗಳು ಸೀಲ್. ವರ್ಷಗಳ ನಂತರ ಸೀಲ್‌ಳ ಪುಟ್ಟ ಮಗಳು ಕರೆಂಟ್ ಹೊಡೆದು ಸಾಯುತ್ತಾಳೆ. ಸೀಲ್ ಅಳುವುದಿಲ್ಲ, ತಿನ್ನುವುದಿಲ್ಲ, ಸುಮ್ಮನೆ ಸಾಯಲು ಮಲಗಿದ್ದಾಳೆ. ಮ್ಯಾಟಿ ನುಗ್ಗಿ ಬಂದು ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ತೂಗುತ್ತಾಳೆ. ಒಳಗಿನ ನೋವು ವಾಂತಿಯಾಗಿ ಹೊರಬರುವವರೆಗೆ ತೂಗುತ್ತಾಳೆ. ಆಮೇಲೆ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಬಾಣಂತಿ ಕೋಣೆಯ ಕೂಸಿಗೆ ಎರೆಯುವ ಹಾಗೆ ಮೈ ತೊಳೆಯುತ್ತಾಳೆ. ಆಗ ಸೀಲ್ ಅಳುತ್ತಾಳೆ. ಅಜ್ಜಿ ಹಿಂದೊಮ್ಮೆ ಮಾಡಿದ ಉಪಕಾರ ಹೀಗೆ ಮೊಮ್ಮಗಳಿಗೆ ಬಂದು ಮುಟ್ಟುತ್ತದೆ, ನಡುವೆ ರಕ್ತಸಂಬಂಧವೇ ಇಲ್ಲದ ಒಬ್ಬಳ ಕೈಯಿಂದ.

ಕೈಯಿಂದ ಕೈಗೆ ಬರುವ ವಸ್ತುಗಳ ಬಗ್ಗೆ ಆಲಿಸ್ ವಾಕರ್ ಅವರಷ್ಟು ಚೆನ್ನಾಗಿ ಬರೆದವರು ಕಡಿಮೆ. ಅವರ 'ಎವ್ರಿಡೇ ಯೂಸ್' (1973) ಸಣ್ಣ ಕತೆಯಲ್ಲಿ ಎರಡು ಕೌದಿಗಳಿವೆ. ಅಜ್ಜಿಯ ಹಳೇ ಉಡುಪುಗಳ ಚೂರು, ಬೆಂಕಿಪೊಟ್ಟಣದಷ್ಟು ಪುಟ್ಟ ನೀಲಿ ತುಂಡೊಂದು ಮುತ್ತಜ್ಜ ಅಂತರ್ಯುದ್ಧದಲ್ಲಿ ತೊಟ್ಟ ಸಮವಸ್ತ್ರದ್ದು. ಓದಿ ಪಟ್ಟಣ ಸೇರಿದ ದೊಡ್ಡ ಮಗಳು ಡೀ ಬಂದು, ಕೌದಿ ನನಗೆ ಕೊಡು, ಗೋಡೆಗೆ ತೂಗುಹಾಕುತ್ತೇನೆ ಅನ್ನುತ್ತಾಳೆ. ತಂಗಿ ಮ್ಯಾಗಿಗೆ ಕೊಟ್ಟರೆ ದಿನಾ ಹೊದ್ದು ಹರಿದುಹಾಕುತ್ತಾಳೆ ಎಂಬ ಭಯ. ಹರಿದರೆ ಹರಿಯಲಿ, ಅವಳಿಗೆ ಹೊಲಿಯಲು ಬರುತ್ತದೆ ಅನ್ನುತ್ತಾಳೆ ಅಮ್ಮ. ಡೀ ತನ್ನ ಹೆಸರನ್ನು ಕೂಡ ಬದಲಿಸಿಕೊಂಡು ಬಂದಿದ್ದಾಳೆ. ಅದು ನಮ್ಮನ್ನು ತುಳಿದವರ ಹೆಸರು ಅಂತ. ಅಮ್ಮ ಲೆಕ್ಕ ಕೊಡುತ್ತಾಳೆ: ನಿನ್ನ ಹೆಸರು ನಿನ್ನ ದೊಡ್ಡಮ್ಮನದು, ಅವಳಿಗೆ ಅಜ್ಜಿಯಿಂದ ಬಂತು, ಅಜ್ಜಿಗೆ ಅವಳಮ್ಮನಿಂದ. ಆಫ್ರಿಕಾದ ಹೆಸರಿಟ್ಟುಕೊಂಡು ಬೇರು ಹುಡುಕುವ ಮಗಳು ಕಾಲಡಿಯ ಬೇರನ್ನೇ ನೋಡುವುದಿಲ್ಲ. ವಾಕರ್ ಡೀ ಬಗ್ಗೆ ತುಸು ಜಾಸ್ತಿಯೇ ಕಠಿಣವಾಗಿದ್ದಾರೆ ಎಂದು ನನಗನ್ನಿಸುತ್ತದೆ. ಹೊರಗೆ ಹೋಗಿ ಓದಿದ ಮಗಳು ಇಲ್ಲದಿದ್ದರೆ ಈ ಕತೆಯನ್ನು ಬರೆಯುವವರು ಯಾರು?

ವಾಕರ್ ಅದೇ 1973ರಲ್ಲಿ ಇನ್ನೊಂದು ಕೆಲಸ ಮಾಡಿದರು. ಹರ್ಸ್ಟನ್ 1960ರಲ್ಲಿ ಫ್ಲಾರಿಡಾದಲ್ಲಿ ಬಡತನದಲ್ಲೇ ಸತ್ತಿದ್ದರು. ಸಮಾಧಿಗೆ ಕಲ್ಲೂ ಇರಲಿಲ್ಲ, ಪುಸ್ತಕಗಳು ಓದುಗರಿಗೆ ಮರೆತೇ ಹೋಗಿದ್ದವು. ಹರ್ಸ್ಟನ್ ಅವರ ಸಂಬಂಧಿ ಎಂದು ಸುಳ್ಳು ಹೇಳಿಕೊಂಡು ವಾಕರ್ ಊರವರನ್ನು ವಿಚಾರಿಸಿದರು. ಫೋರ್ಟ್ ಪಿಯರ್ಸ್ ಊರಿನ ಸ್ಮಶಾನದಲ್ಲಿ ಸೊಂಟದೆತ್ತರ ಬೆಳೆದ ಕಳೆಯೊಳಗೆ ಹುಡುಕಿ, ಇದೇ ಇರಬೇಕು ಎನಿಸಿದ ಜಾಗದಲ್ಲಿ ಕಲ್ಲು ಹಾಕಿಸಿದರು. ಅದರ ಬಗ್ಗೆ 1975ರಲ್ಲಿ ಲೇಖನ ಬರೆದರು. 'ದೆರ್ ಐಸ್' 1978ರಲ್ಲಿ ಮರುಮುದ್ರಣವಾಯಿತು, ಇವತ್ತು ಅಮೆರಿಕದ ಕಾಲೇಜುಗಳಲ್ಲಿ ಪಠ್ಯ. ಮಾರಿಸನ್ ಕೂಡ ಬರೆದು ಸುಮ್ಮನಾದವರಲ್ಲ. ಗೇಲ್ ಜೋನ್ಸ್ ಅವರ ಹಸ್ತಪ್ರತಿಯನ್ನು ತಿದ್ದಿ ಅಚ್ಚಿಗೆ ಕಳಿಸಿದ ಸಂಪಾದಕಿ ಅವರೇ.

ಓದಲು ಶುರು ಮಾಡುವುದಾದರೆ 'ಎವ್ರಿಡೇ ಯೂಸ್' ಮೊದಲು, ಒಂದೇ ಕೂತಿಗೆ ಮುಗಿಯುತ್ತದೆ. ಆಮೇಲೆ ಬ್ರೂಸ್ಟರ್ ಪ್ಲೇಸ್, ಆಮೇಲೆ 'ಸೂಲಾ'. 'ಬಿಲವೆಡ್' ಕೈಗೆತ್ತಿಕೊಂಡರೆ ಮೊದಲ ಐವತ್ತು ಪುಟದಲ್ಲಿ ಯಾರು ಯಾರ ಮಗಳು ಎಂಬುದೇ ಗೊಂದಲವಾಗುತ್ತದೆ. ಗಾಬರಿ ಬೇಡ, ಎಲ್ಲರಿಗೂ ಹಾಗೇ ಆಗುತ್ತದೆ. ಒಂದು ಚೀಟಿಯಲ್ಲಿ ವಂಶವೃಕ್ಷ ಬರೆದಿಟ್ಟುಕೊಳ್ಳಿ. ಬರೆಯುವಾಗ ಸೆಥೆಯ ತಾಯಿಯ ಜಾಗದಲ್ಲಿ ಹಾಕಲು ಹೆಸರು ಸಿಗುವುದಿಲ್ಲ, ಅವಳಿಗೆ ಮಾರಿಸನ್ ಹೆಸರನ್ನೇ ಕೊಟ್ಟಿಲ್ಲ.